ಆಚೆಕರೆಯ ಮತದಾರರು

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ಬಸ್ಸು ಕುಂಟಾಲಕಟ್ಟೆಯಲ್ಲಿ ನಿಲ್ಲುವುದು ಇಳಿಯುವವರೋ ಹತ್ತುವವರೋ ಇದ್ದರೆ ಮಾತ್ರ. ಊರೆಂದರೆ ನೂರ ಹನ್ನೆರಡು ಮನೆ, ಏಳನೆಯ ತರಗತಿವರೆಗಿನ ಒಂದು ಶಾಲೆ, ಒಂದು ಚಾದ ಹೋಟೆಲು, ಹಿಂದುಗಡೆ ಒಂದು ಹೊಳೆ, ಹೊಳೆಗೆ ಎರಡು ಮರ ಜೋಡಿಸಿ ಹಾಕಿದ ಒಂದು ಸಂಕ. ಸಂಕದ ಈಚೆ ಬದುಕಿರುವವರು ವಾಸವಾಗಿದ್ದರು. ಆಚೆ ತೀರಿಹೋದವರು ವಾಸವಾಗಿದ್ದರು.

ಇದರ ಬಗ್ಗೆ ಊರಿನಲ್ಲಿ ಯಾರೂ ದೊಡ್ಡ ಮಾತು ಆಡುತ್ತಿರಲಿಲ್ಲ. ನೆರೆಕರೆ ಎಂದ ಮೇಲೆ ಯಾರಾದರೂ ಇರಲೇಬೇಕಲ್ಲ. ಬಿಸಿ ಗಂಜಿತಿಳಿಯನ್ನು ಹೊಳೆಯ ಕಡೆಗೆ ಚೆಲ್ಲುವ ಮೊದಲು ಹೆಂಗಸರು "ಸ್ವಲ್ಪ ಸರಿಯಿರಿ" ಎನ್ನುತ್ತಿದ್ದರು. ದನ ಹೊಳೆ ದಾಟಿ ಹೋದರೆ ಯಾರೂ ಹುಡುಕಲು ಹೋಗುತ್ತಿರಲಿಲ್ಲ. ಸಂಜೆಗೆ ಅದಾಗಿಯೇ ಬರುತ್ತಿತ್ತು, ಕೆಲವು ದಿನ ಯಾರೋ ಹಾಲು ಕರೆದುಕೊಂಡದ್ದೂ ಇರುತ್ತಿತ್ತು. ಮಳೆ ಬಿಡದೆ ಹೊಡೆಯುವ ಆಟಿ ತಿಂಗಳು ಬಂತೆಂದರೆ ಪ್ರತಿ ಮನೆಯಲ್ಲೂ ಒಂದು ದಿನ ಆಚೆಯವರಿಗೆ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ಹೊರಗೆ ಕುಳಿತುಕೊಳ್ಳುವುದು ಕ್ರಮ. ಅವರು ಉಂಡು ಎದ್ದ ಮೇಲೆ ಈಚೆಯವರ ಊಟ.

ಬದುಕಿರುವವರಿಗೆ ಆಟಿಯಲ್ಲಿ ಮದುವೆ ಇಲ್ಲ. ಆಚೆಯವರ ಮದುವೆಗಳೆಲ್ಲ ಆಟಿಯಲ್ಲೇ. ಚಿಕ್ಕಂದಿನಲ್ಲಿ ತೀರಿಹೋದ ಮಕ್ಕಳು ಅಲ್ಲಿ ಬೆಳೆಯುತ್ತಾರಲ್ಲ, ಪ್ರಾಯಕ್ಕೆ ಬಂದ ಮೇಲೆ ಅವರಿಗೂ ಒಂದು ಸಂಬಂಧ ನೋಡಬೇಕಾಗುತ್ತದೆ. ನೋಡದಿದ್ದರೆ ಅವರು ಮನೆಯವರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ.

ಇಂಥ ಊರಿನ ಶಾಲೆಯಲ್ಲಿ ಏಳನೆಯ ತರಗತಿಗೆ ಪಾಠ ಹೇಳುತ್ತಿದ್ದವರು ಕಮಲಾಕ್ಷ ಮಾಸ್ಟ್ರು. ಇದೇ ಊರಿನವರು, ನಲವತ್ತು ದಾಟಿದವರು. ಮುಂದಿನ ಮಾರ್ಚಿಗೆ ಹೆಡ್‌ಮಾಸ್ಟ್ರು ನಿವೃತ್ತರಾಗುವವರಿದ್ದರು. ಆ ಕುರ್ಚಿ ತನಗೇ ಎಂದು ಕಮಲಾಕ್ಷ ಮಾಸ್ಟ್ರು ನಂಬಿದ್ದರು, ಅದಕ್ಕೆ ತಕ್ಕ ಹಾಗೆ ಒಂದು ವರ್ಷ ಮೊದಲೇ ನಿಧಾನವಾಗಿ ನಡೆಯಲು ಶುರು ಮಾಡಿದ್ದರು. "ಕಣ್ಣಾರೆ ಕಾಣದ್ದನ್ನು ನಾನು ಬರೆಯುವುದಿಲ್ಲ" ಎಂಬುದು ಅವರು ದಿನಕ್ಕೆ ಮೂರು ಸಲವಾದರೂ ಹೇಳುವ ಮಾತು. ಹೊಳೆಯ ಕಡೆ ಮಾತ್ರ ಅವರು ನೋಡುತ್ತಿರಲಿಲ್ಲ. ಆಚೆಯವರ ಎಲೆಯ ದಿನ ಅವರ ಹೆಂಡತಿ ವಿನೋದಾ ಅತ್ತೆ ಮಾವಂದಿರ ಎಲೆಗಳ ಪಕ್ಕದಲ್ಲಿ ಒಂದು ತೀರಾ ಸಣ್ಣ ಎಲೆ ಹಾಕುತ್ತಿದ್ದಳು. ಒಂಬತ್ತು ದಿನ ಬದುಕಿದ್ದ, ಹೆಸರಿಡುವ ಮೊದಲೇ ಹೋದ ಹೆಣ್ಣು ಮಗುವಿನದು ಅದು. ಆ ಹೊತ್ತಿಗೆ ಸರಿಯಾಗಿ ಮಾಸ್ಟ್ರಿಗೆ ಅಂಗಳದಲ್ಲಿ ಏನಾದರೂ ಕೆಲಸ ಬರುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೊಂದನೆಯ ಇಸವಿಯ ಆಟಿಯಲ್ಲಿ, ಮುಂದಿನ ಚುನಾವಣೆಗೆ ಮತದಾರರ ಪಟ್ಟಿ ಬರೆಯುವ ಕೆಲಸ ಮಾಸ್ಟ್ರ ಹೆಗಲಿಗೆ ಬಿತ್ತು. ಮನೆ ಮನೆಗೆ ಹೋಗಬೇಕು, ಇಪ್ಪತ್ತೊಂದು ದಾಟಿದ ಪ್ರತಿಯೊಬ್ಬರನ್ನು ಎದುರು ನಿಲ್ಲಿಸಿ ನೋಡಬೇಕು, ಹೆಸರು ಬರೆಯಬೇಕು, ಕೊನೆಯಲ್ಲಿ "ಇವರನ್ನೆಲ್ಲ ಖುದ್ದಾಗಿ ಕಂಡಿದ್ದೇನೆ" ಎಂದು ಸಹಿ ಹಾಕಬೇಕು. ಮಳೆಯಲ್ಲಿ ನೂರ ಹನ್ನೆರಡು ಮನೆಯ ಕೆಸರು ತುಳಿಯುವುದು ಹೇಗೆಂದು ಯೋಚಿಸುತ್ತಿದ್ದಾಗ ಸಂಕಪ್ಪನ ಮನೆಯಿಂದ ಮದುವೆಯ ಹೇಳಿಕೆ ಬಂತು. ಇಡೀ ಊರು ಒಂದೇ ಕಡೆ ಸೇರುತ್ತದೆ. ಮಾಸ್ಟ್ರು ಫಾರಮುಗಳನ್ನು ಚೀಲಕ್ಕೆ ತುಂಬಿಕೊಂಡು ಊಟಕ್ಕೆ ಹೋದರು.

ಮದುವೆ ಸಂಕಪ್ಪನ ಮಗ ತಿಮ್ಮಪ್ಪನದು. ಏಳು ವರ್ಷದವನಿದ್ದಾಗ ಹೊಳೆಯ ಸೆಳೆತಕ್ಕೆ ಸಿಕ್ಕಿ ಹೋದವನು. ಹುಡುಗಿ ಬಂಟ್ವಾಳದ ಜತ್ತಪ್ಪನ ಮಗಳು ಕಾಂತಿ, ಮೂರು ವರ್ಷದಲ್ಲಿ ಜ್ವರಕ್ಕೆ ಹೋದವಳು. ಎರಡು ಕುರ್ಚಿ ಇಟ್ಟು, ಒಂದರ ಮೇಲೆ ಹೊಸ ಪಂಚೆ ಅಂಗಿ, ಇನ್ನೊಂದರ ಮೇಲೆ ಹಸಿರು ಸೀರೆ, ಬಳೆ, ಮಲ್ಲಿಗೆ ಇಟ್ಟು ಧಾರೆ ಎರೆದರು. ಮಾಸ್ಟ್ರೂ ಸಾಲಿನಲ್ಲಿ ನಿಂತು ಎರಡು ಕುರ್ಚಿಗೂ ಅಕ್ಕಿಕಾಳು ಹಾಕಿದರು, ಊಟ ಮಾಡಿದರು, ಜಗಲಿಯಲ್ಲಿ ಕುಳಿತು ಪಟ್ಟಿ ಬರೆಯತೊಡಗಿದರು. ಒಬ್ಬೊಬ್ಬ ಯಜಮಾನನೂ ಬಂದು ಹೇಳಿದ, ಅವರು ಬರೆದರು. ಸಂಕಪ್ಪ ಬಾಯ್ತುಂಬ ಎಲೆಯಡಿಕೆ ಹಾಕಿಕೊಂಡು ಬಂದ.

"ನಾನು, ನನ್ನ ಹೆಂಡತಿ ದೇಯಿ. ಮಗ ತಿಮ್ಮಪ್ಪ, ಇಪ್ಪತ್ತೈದು. ಸೊಸೆ ಕಾಂತಿ, ಇಪ್ಪತ್ತೆರಡು. ಇವತ್ತು ಬಂದವಳು ಮಾಸ್ಟ್ರೇ, ಬಿಟ್ಟುಹೋಗದ ಹಾಗೆ ಬರೆಯಿರಿ."

"ನನ್ನ ಕೈಯಿಂದ ಒಬ್ಬರೂ ಬಿಟ್ಟುಹೋಗುವುದಿಲ್ಲ" ಎಂದು ಮಾಸ್ಟ್ರು ಬರೆದರು, ಕಾಂತಿಯ ಹೆಸರಿನ ಎದುರು 'ಇಂದು ಮದುವೆ' ಎಂದೂ ಸೇರಿಸಿದರು. ಕೇಳಿದವರು ಹತ್ತು ಜನ ಇದ್ದರು. ಅವರಲ್ಲಿ ಒಬ್ಬರಿಗೂ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ. ಸಂಜೆಗೆ ಪಟ್ಟಿ ಮುಗಿಯಿತು, ಸಹಿ ಬಿತ್ತು, ಮರುದಿನದ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೋಯಿತು.

ಎರಡೂವರೆ ವಾರದ ಮೇಲೆ ಕಚೇರಿಯಿಂದ ಕಾಗದ ಬಂತು. ಒಡೆದು ಓದಿದ ಮಾಸ್ಟ್ರ ಮುಖ ಮೊದಲು ಅರಳಿತು. ತಾಲೂಕಿನ ಬೇರೆ ಊರುಗಳಲ್ಲಿ ಹೊಸ ಸೊಸೆಯಂದಿರ ಹೆಸರು ಹೇಳಲು ಮನೆಯವರು ಒಪ್ಪುವುದೇ ಇಲ್ಲ, ಕುಂಟಾಲಕಟ್ಟೆಯಲ್ಲಾದರೋ ಮದುವೆಯಾದ ದಿನವೇ ಸೊಸೆಯ ಹೆಸರು ಸೇರಿದೆ, ಇದು ಮೆಚ್ಚತಕ್ಕ ವಿಷಯ ಎಂದಿತ್ತು. ಮುಂದಿನ ಗುರುವಾರ ಪರಿಶೀಲನಾಧಿಕಾರಿಗಳು ಬಂದು ಎಂಬತ್ತೇಳನೆಯ ನಂಬರಿನ ಶ್ರೀಮತಿ ಕಾಂತಿಯವರನ್ನು ಖುದ್ದಾಗಿ ಕಂಡು ಅಭಿನಂದಿಸುತ್ತಾರೆ ಎಂದೂ ಇತ್ತು.

ಮಾಸ್ಟ್ರು ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರು.

"ಯಾರನ್ನು ಕಾಣುವುದು?" ಎಂದಳು ವಿನೋದಾ.

"ಕಾಂತಿಯನ್ನು. ಸಂಕಪ್ಪನ ಸೊಸೆ."

"ಅವಳು ಸೀರೆ ಅಲ್ಲವಾ?"

ಮಾಸ್ಟ್ರು ಕುಳಿತಲ್ಲೇ ಬೆವತರು. ಮದುವೆಯ ಕುರ್ಚಿ ಕಣ್ಣೆದುರು ಬಂತು, ಕುರ್ಚಿಯ ಮೇಲಿನ ಹಸಿರು ಸೀರೆ ಬಂತು, ಅದಕ್ಕೆ ತಾನೇ ಹಾಕಿದ ಅಕ್ಕಿಕಾಳು ಬಂತು. ಸತ್ತವಳನ್ನು ಖುದ್ದಾಗಿ ಕಂಡಿದ್ದೇನೆ ಎಂದು ಸರಕಾರಕ್ಕೆ ಸಹಿ ಮಾಡಿ ಕೊಟ್ಟಾಗಿದೆ. ಹೆಡ್‌ಮಾಸ್ಟ್ರ ಕುರ್ಚಿ ಹಾಗಿರಲಿ, ಈಗ ಕುಳಿತಿರುವ ಸ್ಟೂಲೂ ಹೋಗುವುದು ಖಂಡಿತ. ಸುಳ್ಳು ದಾಖಲೆಗೆ ಜೈಲು ಉಂಟೆಂದು ಅವರೇ ಏಳನೆಯ ತರಗತಿಗೆ ಪಾಠ ಹೇಳಿದ್ದರು.

ಆ ಮಳೆಯಲ್ಲೇ ಕೊಡೆ ಹಿಡಿದುಕೊಂಡು ಸಂಕಪ್ಪನ ಮನೆಗೆ ಓಡಿದರು. ಹೆಸರು ತೆಗೆಯಲು ನೀವೊಂದು ಅರ್ಜಿ ಕೊಡಿ ಎಂದು ಅಂಗಲಾಚಿದರು. ಒಳಗಿನಿಂದ ಸಂಕಪ್ಪನ ಹೆಂಡತಿ ದೇಯಕ್ಕ ಬಂದಳು.

"ತೆಗೆಯುವುದಾ? ಎಂತ ತಪ್ಪು ಮಾಡಿದ್ದಾಳೆ ಅವಳು?"

"ತಪ್ಪು ಅಂತಲ್ಲ ದೇಯಕ್ಕ..."

"ಮನೆಗೆ ಬಂದು ತಿಂಗಳಾಗಲಿಲ್ಲ. ಬಂದ ವಾರದಲ್ಲಿ ಎಮ್ಮೆ ಕರು ಹಾಕಿತು. ಇವರ ಗಂಟುನೋವು ಕಡಿಮೆ ಆಯಿತು. ಅಂಥ ಸೊಸೆಯ ಹೆಸರು ಹೊಡೆದು ಹಾಕಿದೆವು ಎಂದು ನಾಳೆ ಬಂಟ್ವಾಳದವರಿಗೆ ಗೊತ್ತಾದರೆ ನಾನು ಮುಖ ಎಲ್ಲಿ ಇಡುವುದು?"

ಬಂಟ್ವಾಳದವರಿಗೆ ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಒಣಮೀನು ಮಾರುವ ಬೀಫಾತಿಮಾ ಅಂಗಳದ ಆಚೆ ಬುಟ್ಟಿ ಇಳಿಸಿ ನಿಂತಿದ್ದಳು. ಅವಳ ವ್ಯಾಪಾರ ಬಂಟ್ವಾಳದವರೆಗೂ ಇತ್ತು, ಕಿವಿ ಅದಕ್ಕಿಂತಲೂ ದೂರ ಇತ್ತು. "ನಿಮ್ಮ ಮಗಳನ್ನು ಗಂಡನ ಮನೆಯ ಲೆಕ್ಕದಿಂದ ತೆಗೆಯುತ್ತಾರಂತೆ" ಎಂಬ ಸುದ್ದಿ ಜತ್ತಪ್ಪನಿಗೆ ಬುಧವಾರವೇ ತಲುಪಿತು.

ಹಾಗಾಗಿ ಗುರುವಾರ ಹತ್ತು ಗಂಟೆಯ ಬಸ್ಸಿನಿಂದ ಇಬ್ಬರು ಇಳಿದರು. ಒಬ್ಬರು ಪರಿಶೀಲನಾಧಿಕಾರಿ ಶಿವಲಿಂಗಯ್ಯ. ತುಮಕೂರು ಕಡೆಯವರು, ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಇನ್ನೊಬ್ಬ ಜತ್ತಪ್ಪ. ಇಬ್ಬರೂ ಒಂದೇ ದಾರಿ ಹಿಡಿದು, ಒಂದೇ ಅಂಗಳಕ್ಕೆ ಬಂದರು. ಊರು ಆಗಲೇ ಅಲ್ಲಿ ಸೇರಿತ್ತು. ಮಾಸ್ಟ್ರು ಮೂರು ರಾತ್ರಿ ನಿದ್ದೆಯಿಲ್ಲದೆ ಯೋಚಿಸಿ ಇಟ್ಟುಕೊಂಡ ಒಂದು ಉಪಾಯದೊಂದಿಗೆ ಕಂಬಕ್ಕೆ ಆತು ನಿಂತಿದ್ದರು.

"ಎಲ್ರೀ ಮೇಷ್ಟ್ರೇ ಆ ಹುಡುಗಿ? ಬರಹೇಳಿ, ಎರಡು ನಿಮಿಷ ಮಾತಾಡ್ಸಿ ಹೋಗ್ತೀನಿ."

"ಈಗ ಆಟಿ ಅಲ್ಲವಾ ಸಾರ್" ಎಂದರು ಮಾಸ್ಟ್ರು. "ಆಟಿಯಲ್ಲಿ ಹೊಸ ಮದುಮಗಳು ತವರಿಗೆ ಹೋಗುವುದು ಇಲ್ಲಿಯ ಕ್ರಮ. ತವರಿಗೆ ಹೋಗಿದ್ದಾಳೆ."

ಕ್ರಮ ಇದ್ದದ್ದು ನಿಜ. ಅಧಿಕಾರಿ ತಲೆದೂಗಿ ಬರೆದುಕೊಂಡರು. ಇನ್ನೊಂದು ಕ್ಷಣದಲ್ಲಿ ಎಲ್ಲ ಮುಗಿದುಹೋಗುತ್ತಿತ್ತು.

"ಯಾವ ತವರಿಗೆ?" ಎಂದ ಜತ್ತಪ್ಪ ಹಿಂದಿನಿಂದ. "ತವರು ಅಂದರೆ ನಾನೇ ಅಲ್ಲವಾ? ನಮ್ಮಲ್ಲಿಗೆ ಅವಳು ಬರಲಿಲ್ಲ. ಬಾವ, ಎಂತ ಇದು? ಹೆಸರು ತೆಗೆಯುತ್ತೀರಿ ಎಂದು ಕೇಳಿದೆ, ಈಗ ಮನೆಯಿಂದಲೇ ಕಳಿಸಿದ್ದೀರಾ?"

ಅಧಿಕಾರಿಯ ಪೆನ್ನು ನಿಂತಿತು. ಅವರು ಜತ್ತಪ್ಪನನ್ನು ನೋಡಿದರು, ಸಂಕಪ್ಪನನ್ನು ನೋಡಿದರು.

"ತವರಲ್ಲೂ ಇಲ್ಲ ಅಂತೀರಿ. ಹಾಗಾದ್ರೆ ಹುಡುಗಿ ಎಲ್ಲಿ?"

"ಇಲ್ಲೇ ಇದ್ದಾಳೆ" ಎಂದಳು ದೇಯಕ್ಕ. "ಯಾರು ಕಳಿಸಿದ್ದು ಅವಳನ್ನು? ಮಾಸ್ಟ್ರಿಗೆ ತಲೆ ಸರಿ ಇಲ್ಲ."

"ಇದ್ರೆ ಕರೀರಿ."

"ಕರೆದರೆ ಬರುವುದಿಲ್ಲ ಸ್ವಾಮೀ. ಎಲೆ ಹಾಕಿ ಬಡಿಸಬೇಕು."

"ಅಂದ್ರೆ ಊಟಕ್ಕೆ ಮಾತ್ರ ಹೊರಗೆ ಬಿಡ್ತೀರಾ?"

"ವರ್ಷಕ್ಕೊಮ್ಮೆ ಬಡಿಸುತ್ತೇವೆ. ನಾವು ಯಾವ ಕಡಿಮೆಯೂ ಮಾಡುವುದಿಲ್ಲ."

"ವರ್ಷಕ್ಕೊಂದು ಊಟ?" ಶಿವಲಿಂಗಯ್ಯನವರ ಕನ್ನಡಕ ಜಾರಿತು. "ಗಂಡ ಅನ್ನೋನು ಇದನ್ನ ನೋಡ್ಕೊಂಡು ಸುಮ್ನಿದಾನಾ?"

"ಅವನಿಗೂ ಅಷ್ಟೇ" ಎಂದ ಸಂಕಪ್ಪ.

ಬೀಫಾತಿಮಾ ಬುಟ್ಟಿಯ ಪಕ್ಕದಿಂದ ಸಾಕ್ಷಿ ಹೇಳಿದಳು. "ಹೌದು ಸಾಹೇಬ್ರೆ, ಇವರು ಒಳ್ಳೆಯ ಜನ. ಕೆಲವು ಮನೆಯಲ್ಲಿ ಅದೂ ಹಾಕುವುದಿಲ್ಲ."

ಅಧಿಕಾರಿ ಎದ್ದು ನಿಂತರು. ಒಂದು ಮುಗ್ಧ ಹೆಣ್ಣನ್ನು ಎಲ್ಲೋ ಕೂಡಿಹಾಕಿದ್ದಾರೆ, ಅಥವಾ ಮುಗಿಸಿದ್ದಾರೆ, ಊರಿಗೆ ಊರೇ ಇದರಲ್ಲಿ ಸೇರಿದೆ, ಬೆಳ್ತಂಗಡಿಯಿಂದ ಪೊಲೀಸರನ್ನು ಕರೆಸದೆ ತಾನು ಇಲ್ಲಿಂದ ಕದಲುವುದಿಲ್ಲ ಎಂದರು. ಸಂಕಪ್ಪನಿಗೆ ಏನೊಂದೂ ಅರ್ಥವಾಗಲಿಲ್ಲ, ಪೊಲೀಸು ಎಂಬುದಷ್ಟೇ ಅರ್ಥವಾಯಿತು. ಅವನು ಜಗಲಿಯ ಮೆಟ್ಟಿಲಲ್ಲಿ ಕುಸಿದು ಕುಳಿತ. ಮಾಸ್ಟ್ರು ಕಂಬವನ್ನು ಅಪ್ಪಿಕೊಂಡೇ ಇದ್ದರು.

"ನೀವು ಹೇಳಿ" ಎಂದು ಅಧಿಕಾರಿ ಜತ್ತಪ್ಪನ ಕಡೆ ತಿರುಗಿದರು. "ಹೆತ್ತ ತಂದೆ ನೀವು. ಹೆದರ್ಬೇಡಿ. ಮಗಳನ್ನ ಕೊನೇ ಸಲ ನೋಡಿದ್ದು ಯಾವಾಗ?"

ಜತ್ತಪ್ಪ ಬೆರಳು ಮಡಚಿ ಎಣಿಸಿದ.

"ಹತ್ತೊಂಬತ್ತು ವರ್ಷ ಆಯಿತು ಸ್ವಾಮೀ. ಆಗ ಅವಳಿಗೆ ಮೂರು. ನಾಲ್ಕು ದಿನದ ಜ್ವರ. ಔಷಧ ತರಲು ಹೋದವನು ವಾಪಸ್ ಬರುವಾಗ ಎಲ್ಲ ಆಗಿತ್ತು."

ಕಮಲಾಕ್ಷ ಮಾಸ್ಟ್ರು ಕಂಬ ಬಿಟ್ಟು ಮುಂದೆ ಬಂದರು. ಮದುವೆ, ಕುರ್ಚಿ, ಸೀರೆ, ಎಲ್ಲವನ್ನೂ ಹೇಳಿದರು. "ಅಕ್ಕಿಕಾಳು ಹಾಕಿದವನು ನಾನೇ ಸಾರ್. ಬರೆದವನೂ ನಾನೇ. ಇವರದ್ದು ತಪ್ಪಿಲ್ಲ. ಬರೆಯುವಾಗ ನನಗೆ ಹೊಳೆಯಲೇ ಇಲ್ಲ" ಎಂದು ಕೈ ಮುಗಿದರು. ಹೆದರಿಕೆಗಿಂತ ನಾಚಿಕೆಯೇ ಅವರಿಗೆ ಹೆಚ್ಚಾಗಿತ್ತು.

ಶಿವಲಿಂಗಯ್ಯ ಮತ್ತೆ ಕುಳಿತರು. ದೇಯಕ್ಕ ಕೆಸುವಿನೆಲೆಯ ಪತ್ರೊಡೆ ತಂದಿಟ್ಟಳು, ಅವರು ತಿಂದರು. ಏನು ತಿನ್ನುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಕೊನೆಗೆ ಚೀಲದಿಂದ ಹೆಸರು ತೆಗೆಯುವ ಫಾರಮು ಹೊರಗೆ ಬಂತು.

"ನೋಡಿ ಮೇಷ್ಟ್ರೇ, ಹೆಸರು ತೆಗೀಲೇಬೇಕು. ಕಾರಣ ಮೂರೇ ಇರೋದು. ಮೃತ, ಸ್ಥಳಾಂತರ, ಎರಡು ಕಡೆ ನಮೂದು. ಮೃತ ಅಂತ ಬರೆದ್ರೆ ತಾರೀಖು ಹಾಕ್ಬೇಕು. ತಾರೀಖು ಹಾಕಿದ್ರೆ ನಿಮ್ಮ ನೌಕರಿ ಹೋಗುತ್ತೆ."

"ಆ ಶಬ್ದ ಬರೆಯಬೇಡಿ ಸ್ವಾಮೀ" ಎಂದಳು ದೇಯಕ್ಕ. ಅವಳಿಗೆ ಮಾಸ್ಟ್ರ ನೌಕರಿಯ ಚಿಂತೆ ಇರಲಿಲ್ಲ. "ಮದುವೆಯಾಗಿ ತಿಂಗಳಾಗಲಿಲ್ಲ. ಹೊಸ ಜೋಡಿಗೆ ಹಾಗೆ ಬರೆಯುವುದಾ?"

ಜತ್ತಪ್ಪ ಅಧಿಕಾರಿ ತಂದಿದ್ದ ಪಟ್ಟಿಯಲ್ಲಿ ಮಾಸ್ಟ್ರು ತೋರಿಸಿಕೊಟ್ಟ ಎಂಬತ್ತೇಳನೆಯ ನಂಬರಿನ ಮೇಲೆ ಬೆರಳಿಟ್ಟು ನೋಡುತ್ತಿದ್ದ. ಮಗಳ ಹೆಸರನ್ನು ಅವನು ಕಾಗದದಲ್ಲಿ ನೋಡಿದ್ದು ಅದೇ ಮೊದಲು. ಓದು ಬರುತ್ತಿರಲಿಲ್ಲ, ಆದರೂ ಬೆರಳು ತೆಗೆಯಲಿಲ್ಲ.

ಶಿವಲಿಂಗಯ್ಯ ಆ ಬೆರಳನ್ನು ನೋಡಿದರು. ಕಾರಣದ ಕಾಲಮಿನಲ್ಲಿ ಕಾಂತಿ, ತಿಮ್ಮಪ್ಪ ಇಬ್ಬರಿಗೂ ಸೇರಿಸಿ 'ಸ್ಥಳಾಂತರ' ಎಂದು ಬರೆದರು. ಹೊಸ ವಿಳಾಸ ಎಂಬಲ್ಲಿ 'ಹೊಳೆಯ ಆಚೆಕರೆ, ಕುಂಟಾಲಕಟ್ಟೆ' ಎಂದು ಬರೆದರು. ಸಂಕಪ್ಪ ಹೆಬ್ಬೆಟ್ಟು ಒತ್ತಿದ. ಮೂರು ಗಂಟೆಯ ಬಸ್ಸಿಗೆ ಅಧಿಕಾರಿಗಳು ಹತ್ತಿದರು, ಹತ್ತುವಾಗ ಹೊಳೆಯ ಕಡೆ ಒಮ್ಮೆ ಮಾತ್ರ ನೋಡಿದರು.

ಮಾಸ್ಟ್ರು ಅಂದು ಹೊಟ್ಟೆ ತುಂಬ ಉಂಡರು. ತೊಂದರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಚೇರಿಯಲ್ಲಿ ಒಂದು ಫಾರಮನ್ನು ಒಬ್ಬರೇ ಓದುವುದಿಲ್ಲ. ತಿಂಗಳ ಕೊನೆಗೆ ಇನ್ನೊಂದು ಕಾಗದ ಬಂತು. ಮತದಾರರು ಹೊಳೆಯ ಆಚೆಕರೆಗೆ ಸ್ಥಳಾಂತರಗೊಂಡಿರುವುದರಿಂದ ಅಲ್ಲಿ ಜನವಸತಿ ಇರುವುದು ಸ್ಪಷ್ಟವಾಗಿದೆ, ಸದರಿ ಪ್ರದೇಶದ ಗಣತಿ ಈವರೆಗೆ ಆಗದಿರುವುದು ವಿಷಾದನೀಯ, ಅನುಭವಿಗಳಾದ ಕಮಲಾಕ್ಷ ಮಾಸ್ಟ್ರು ಹದಿನೈದು ದಿನದೊಳಗೆ ಆಚೆಕರೆಗೆ ತೆರಳಿ ಅಲ್ಲಿಯ ಇಪ್ಪತ್ತೊಂದು ದಾಟಿದ ಎಲ್ಲ ನಿವಾಸಿಗಳ ಪಟ್ಟಿ ಸಲ್ಲಿಸತಕ್ಕದ್ದು.

ಮಾಸ್ಟ್ರಿಗೆ ಚಳಿಜ್ವರ ಹಿಡಿಯಿತು. ಹೋಗದಿದ್ದರೆ ನೌಕರಿ ಇಲ್ಲ. ಹೋದರೆ ವಾಪಸ್ ಬಂದವರನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ, ದನಗಳ ಹೊರತು.

ಸುದ್ದಿ ಬೀಫಾತಿಮಾಳ ಬುಟ್ಟಿ ಹತ್ತಿ ಮನೆ ಮನೆ ತಲುಪಿತು. ಮರುದಿನ ಬೆಳಿಗ್ಗೆ ಮಾಸ್ಟ್ರು ಕಂಬಳಿ ಹೊದ್ದು ಜಗಲಿಗೆ ಬಂದರೆ ಅಂಗಳದಲ್ಲಿ ಜನ ಸಾಲುಗಟ್ಟಿ ನಿಂತಿದ್ದರು.

"ನೀವು ಹೋಗುವುದು ಬೇಡ ಮಾಸ್ಟ್ರೇ" ಎಂದ ಸಂಕಪ್ಪ. "ನಮ್ಮವರ ಹೆಸರು ನಾವೇ ಹೇಳುತ್ತೇವೆ. ಮನೆಯ ಯಜಮಾನ ಹೇಳಿದರೆ ಸಾಕಲ್ಲವಾ?"

ಒಬ್ಬರ ಹಿಂದೆ ಒಬ್ಬರು ಹೇಳಿದರು. ಅಜ್ಜ, ಅತ್ತೆ, ಹೆರಿಗೆಯಲ್ಲಿ ಹೋದ ತಂಗಿ, ಸಿಡುಬಿಗೆ ಹೋದ ಒಂದೇ ಮನೆಯ ಮೂವರು. ಯಾರಿಗೂ ಪ್ರಾಯ ತಪ್ಪಲಿಲ್ಲ. ಹೋದ ದಿನದಿಂದ ಇವತ್ತಿನವರೆಗೆ ಎಲ್ಲರೂ ಲೆಕ್ಕ ಇಟ್ಟಿದ್ದರು. ಹೇಳುತ್ತಾ ಕೆಲವರು ಅತ್ತರು. ಬೀಫಾತಿಮಾ ಕೂಡ ಸಾಲಿನಲ್ಲಿದ್ದಳು. "ನಮ್ಮವರ ಜಾಗ ಬೇರೆ ಮಾಸ್ಟ್ರೇ, ಅವರು ನಿಮ್ಮ ಹೊಳೆಯ ಆಚೆ ಇಲ್ಲ. ಆದರೆ ನನ್ನ ದೊಡ್ಡ ಬುಟ್ಟಿ ಕೊಂಡುಹೋಗಿ ವಾಪಸ್ ಕೊಡದ ಚೀಂಕ್ರ ಅಲ್ಲಿದ್ದಾನೆ. ಅವನ ಹೆಸರಿನ ಎದುರು ಬುಟ್ಟಿ ಅಂತ ಬರೆಯಿರಿ."

ಮಾಸ್ಟ್ರು ಅದನ್ನೂ ಬರೆದರು. ಮಧ್ಯಾಹ್ನದ ಹೊತ್ತಿಗೆ ಮುನ್ನೂರ ನಲವತ್ತೊಂದು ಹೆಸರಾಯಿತು. ಕೊನೆಯಲ್ಲಿ 'ಖುದ್ದಾಗಿ ಕಂಡಿದ್ದೇನೆ' ಎಂಬುದನ್ನು ಹೊಡೆದು 'ಕೇಳಿ ಬರೆದದ್ದು' ಎಂದು ತಿದ್ದಿದರು. ಸಹಿ ಹಾಕಿದರು.

ಜನ ಹೋದ ಮೇಲೆ ವಿನೋದಾ ಬಾಗಿಲಿಗೆ ಬಂದು ನಿಂತಳು.

"ನಮ್ಮವಳದ್ದು ಬರೆಯಲಿಲ್ಲ ನೀವು."

ಮಾಸ್ಟ್ರು ಪೆನ್ನು ಎತ್ತಿದರು. ಆಮೇಲೆ ಮೆಲ್ಲಗೆ ಹೇಳಿದರು. "ಹೆಸರು ಇಟ್ಟಿರಲಿಲ್ಲ ಅಲ್ಲವಾ."

"ಸ್ವರ್ಣಲತಾ."

"ಯಾವಾಗ ಇಟ್ಟದ್ದು?"

"ಆಗಲೇ ಇಟ್ಟಿದ್ದೆ. ಹನ್ನೆರಡು ವರ್ಷ ಆಯಿತು, ನೀವು ಕೇಳಲಿಲ್ಲ."

ಮಾಸ್ಟ್ರಿಗೆ ಕಾಗದ ಮಂಜಾಗಿ ಕಂಡಿತು. ಹನ್ನೆರಡು ಆಟಿ ಅಂಗಳದಲ್ಲಿ ಸುಮ್ಮನೆ ತೆಂಗಿನ ಗರಿ ಎಳೆದು ಹಾಕುತ್ತಿದ್ದದ್ದು ನೆನಪಾಯಿತು. ತಮಗೆ ತಿಳಿದ ಒಂದೇ ಮಾತನ್ನು ಹೇಳಿದರು.

"ಇಪ್ಪತ್ತೊಂದು ಆಗದೆ ಸೇರಿಸುವ ಹಾಗಿಲ್ಲ ವಿನೋದಾ. ಇನ್ನೂ ಒಂಬತ್ತು ವರ್ಷ ಉಂಟು."

"ವೋಟಿಗೆ ಆಮೇಲೆ ಬರೆಯಿರಿ" ಎಂದಳು ವಿನೋದಾ. "ಹನ್ನೆರಡು ಅಂದರೆ ಏಳನೆಯ ತರಗತಿ ಅಲ್ಲವಾ? ಈಗ ಶಾಲೆಗೆ ಸೇರಿಸಿ."

ಮರುದಿನ ಬೆಳಿಗ್ಗೆ ಕಮಲಾಕ್ಷ ಮಾಸ್ಟ್ರು ಏಳನೆಯ ತರಗತಿಯ ಹಾಜರಿ ಪುಸ್ತಕ ತೆರೆದರು. ಕೊನೆಯ ಹೆಸರಿನ ಕೆಳಗೆ ಹೊಸ ಶಾಯಿಯಲ್ಲಿ ಇನ್ನೊಂದು ಹೆಸರಿತ್ತು. ಒಂದೊಂದಾಗಿ ಕರೆಯುತ್ತಾ ಅಲ್ಲಿಗೆ ಬಂದರು.

"ಸ್ವರ್ಣಲತಾ."

ಮಕ್ಕಳು ಮುಖ ಮುಖ ನೋಡಿಕೊಳ್ಳಲಿಲ್ಲ. ಆ ಊರಿನ ಮಕ್ಕಳು ಅವರು. ಎರಡನೆಯ ಬೆಂಚಿನ ಜುಲೈಕಾ ತನ್ನ ಪುಸ್ತಕಗಳನ್ನು ಎತ್ತಿಕೊಂಡು ಒಬ್ಬಳು ಕೂರುವಷ್ಟು ಜಾಗ ಬಿಟ್ಟು ಸರಿದು ಕುಳಿತಳು.

"ಬಂದಿದ್ದಾಳೆ ಸಾರ್" ಎಂದಳು.

ಮಾಸ್ಟ್ರು ಹಾಜರಿ ಹಾಕಿದರು.